ಕಾಡು ಬೆಳೆಸುವ ವ್ಯಾಕರಣ

ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು. ಸಸ್ಯಶಾಸ್ತ್ರದ ಮೊದಲ ಪಾಠ ಓದಿದವರಿಗೂ ಇದು ಗೊತ್ತು, ಮೇಯಲು ಬರುವ ಆನೆಗೂ ಗೊತ್ತು. ಗೊತ್ತಿಲ್ಲದೆ ಉಳಿದದ್ದು 1927ರ ಭಾರತೀಯ ಅರಣ್ಯ ಕಾಯ್ದೆಗೆ ಮಾತ್ರ. ‘ಮರ’ ಎಂಬ ಪದದಲ್ಲಿ ತಾಳೆ, ಬಿದಿರು, ಬೊಡ್ಡೆ, ಕುರುಚಲು, ಬೆತ್ತ ಇವೆಲ್ಲ ಸೇರುತ್ತವೆ ಎಂದು ಅದರ ಎರಡನೆಯ ಕಲಮು ಹೇಳಿತ್ತು. ಹಾಗಾಗಿ ತೊಂಬತ್ತು ವರ್ಷ ಬಿದಿರು ಮರವಾಗಿಯೇ ಬಾಳಿತು. ಹಿತ್ತಿಲ ಗಳುವನ್ನು ಪೇಟೆಗೆ ಸಾಗಿಸಬೇಕಾದವನು ದಿಮ್ಮಿ ಸಾಗಿಸುವವನಂತೆ ರಹದಾರಿಗಾಗಿ ಕಚೇರಿ ಬಾಗಿಲು ಕಾಯಬೇಕಾಯಿತು. 2017ರಲ್ಲಿ ಸುಗ್ರೀವಾಜ್ಞೆ ಹೊರಟಿತು, ಒಂದು ಪದ ಅಳಿಯಿತು, ಬಿದಿರು ಹುಲ್ಲಾಯಿತು. ಅದೂ ಕಾಡಿನ ಹೊರಗೆ ಬೆಳೆದರೆ ಮಾತ್ರ. ಕಾಡಿನೊಳಗೇ ಹುಟ್ಟಿದ ತಪ್ಪಿಗೆ ಉಳಿದ ಬಿದಿರು ಇನ್ನೂ ಇಲಾಖೆಯ ಸುಪರ್ದಿಯಲ್ಲಿದೆ.

ಅರಣ್ಯ ನೀತಿಯ ಸುಧಾರಣೆ ಎಂದರೆ ಗುಣಿ ತೋಡುವುದು, ನೀರು ಹನಿಸುವುದು, ಬೆಂಕಿ ರೇಖೆ ಎಳೆಯುವುದು ಎಂದು ನಾನೂ ಬಹಳ ಕಾಲ ನಂಬಿದ್ದೆ. ಈಗ ತಿಳಿದಿದೆ, ಅದು ವ್ಯಾಕರಣದ ಕೆಲಸ. ಅರಣ್ಯ ಇಲಾಖೆಗೆ ಗಾರ್ಡುಗಳ ಬದಲು ನಾಲ್ಕು ಜನ ಪಂಡಿತರನ್ನು ನೇಮಿಸಿಕೊಂಡರೆ ಸಂಬಳದಲ್ಲೂ ಉಳಿತಾಯ.

ನೆಲದ ಮೂರನೇ ಒಂದು ಭಾಗ ಕಾಡಿರಬೇಕು ಎಂದು 1952ರ ನೀತಿ ಹೇಳಿತು, 1988ರ ನೀತಿ ಅದನ್ನೇ ಇನ್ನೊಮ್ಮೆ ಹೇಳಿತು. ಗುರಿ ದೂರವಿದ್ದರೆ ಸಾಮಾನ್ಯ ಜನರು ನಡೆಯುತ್ತಾರೆ, ಬುದ್ಧಿವಂತರು ಅಳತೆಗೋಲು ತಿದ್ದುತ್ತಾರೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಹೆಕ್ಟೇರು ಅಥವಾ ಅದಕ್ಕಿಂತ ದೊಡ್ಡದಾದ ಜಾಗದಲ್ಲಿ ಶೇ 10ರಷ್ಟು ಮರಗಳ ನೆತ್ತಿ ಹರಡಿದ್ದರೆ ಅದು ಅರಣ್ಯ ಹೊದಿಕೆ. ನೆಲ ಯಾರದ್ದು, ಮರ ಯಾವುದು ಎಂಬ ವಿಚಾರಣೆ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎರಡೂವರೆ ಎಕರೆಯಲ್ಲಿ ಹತ್ತು ಗುಂಟೆ ಮರದ ನೆರಳು ಸಿಕ್ಕರೆ ಸಾಕು, ಉಳಿದ ತೊಂಬತ್ತು ಗುಂಟೆ ಬಿಸಿಲಿಗೂ ಅರಣ್ಯದ ಪಟ್ಟ ಬರುತ್ತದೆ. ತೆಂಗಿನ ತೋಟವೂ ಕಾಡು, ಮಾವಿನ ತೋಪೂ ಕಾಡು, ನೀಲಗಿರಿ ನೆಡುತೋಪೂ ಕಾಡು. 2023ರ ವರದಿಯಲ್ಲಿ ಅರಣ್ಯ ಮತ್ತು ಮರಗಳ ಹೊದಿಕೆ ಸೇರಿ ಶೇ 25.17 ಆಗಿದೆ. ತೆಂಗಿನ ತೋಟಕ್ಕೆ ನುಗ್ಗಿದ ಆನೆಯನ್ನು ಇನ್ನು ಮುಂದೆ ಯಾರೂ ಗದರಿಸಬಾರದು. ಸರ್ಕಾರದ ನಕ್ಷೆ ನೋಡಿಕೊಂಡೇ ಅದು ಬಂದಿದೆ.

ಮರವನ್ನು ಎಣಿಸುವಾಗ ಹೀಗೆ ಕೈ ಧಾರಾಳ. ಕಾಪಾಡುವ ಮಾತು ಬಂದಾಗ ಮುಷ್ಟಿ ಬಿಗಿಯಾಗುತ್ತದೆ. ಕಾಡು ಎಂದರೆ ನಿಘಂಟು ಹೇಳುವ ಕಾಡೇ, ನೆಲ ಯಾರ ಹೆಸರಿನಲ್ಲಿದ್ದರೂ ಸರಿ ಎಂದು 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಹೇಳಿತ್ತು. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರ ತಿದ್ದುಪಡಿ ಬಂದು, ಕಾಡೆನಿಸಿಕೊಳ್ಳಲು ಅಧಿಸೂಚನೆಯಾಗಿರಬೇಕು, ಇಲ್ಲವೇ 1980ರ ಅಕ್ಟೋಬರ್ 25ರಿಂದೀಚೆಗಿನ ಸರ್ಕಾರಿ ದಾಖಲೆಯಲ್ಲಿ ಕಾಡೆಂದು ನಮೂದಾಗಿರಬೇಕು ಎಂದಿತು. 2024ರ ಫೆಬ್ರವರಿಯಲ್ಲಿ ಕೋರ್ಟು ಸದ್ಯಕ್ಕೆ ನಿಘಂಟನ್ನೇ ನೋಡಿ ಎಂದಿತು. ಇಷ್ಟರ ನಡುವೆ ಕರ್ನಾಟಕ ತೋರಿದ ಕೈಚಳಕವನ್ನು ನೆನೆಯದಿರುವುದು ಅನ್ಯಾಯ. ಒಮ್ಮೆ 9.94 ಲಕ್ಷ ಹೆಕ್ಟೇರೆಂದು ಪಟ್ಟಿ ಮಾಡಿದ್ದ ಡೀಮ್ಡ್ ಅರಣ್ಯ, ಅಂದರೆ ಅಧಿಸೂಚನೆಯಾಗದಿದ್ದರೂ ಕಾಡೆಂದು ಪರಿಗಣಿಸಿದ ನೆಲ, 2022ರಲ್ಲಿ 3.30 ಲಕ್ಷಕ್ಕೆ ಇಳಿಯಿತು. ಕೊಡಲಿ ಎತ್ತಲಿಲ್ಲ, ಗರಗಸ ಕೂಗಲಿಲ್ಲ, ಒಂದು ಲಾರಿಯೂ ಘಾಟಿ ಹತ್ತಲಿಲ್ಲ. ಹಿಂದಿನ ಪಟ್ಟಿಯಲ್ಲಿ ಊರು, ಹೊಲ, ಕಚೇರಿಗಳೂ ಸೇರಿಹೋಗಿದ್ದವು ಎಂಬ ಸಮಜಾಯಿಷಿ ಇದೆ. ಇರಬಹುದು. ಹಾಗಾದರೆ ಊರನ್ನು ಕಾಡೆಂದು ಬರೆದುಕೊಂಡ ದಿನ ಆ ಊರಿನವರು ಎಲ್ಲಿಗೆ ಹೋಗಿದ್ದರು?

ಇನ್ನು ಪರಿಹಾರಾತ್ಮಕ ಅರಣ್ಯೀಕರಣ. ಇಲ್ಲಿ ಕಡಿದದ್ದಕ್ಕೆ ಅಲ್ಲಿ ನೆಡುವುದು. ‘ಅಲ್ಲಿ’ ಎಂದರೆ ಎಲ್ಲಿ ಎಂದು ಕೇಳಬಾರದು. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ಪಟ್ಟಣ ಕಟ್ಟಲು ಸುಮಾರು 130 ಚದರ ಕಿಲೋಮೀಟರ್ ಮಳೆಕಾಡು ಬೇಕಾಯಿತು. ಅದಕ್ಕೆ ಬದಲಾಗಿ ಗಿಡ ನೆಡಲು ಗೊತ್ತುಮಾಡಿದ್ದು ಹರಿಯಾಣವನ್ನು. ನಡುವೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಅದರಲ್ಲಿ ಒಂದಿಡೀ ಸಮುದ್ರ. ಕಡಲಂಚಿನ ಕಾಡಿನಲ್ಲಿ ಮಣ್ಣು, ತರಗೆಲೆ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಹುಗಿಯುವ ನಿಕೋಬಾರ್ ಮೆಗಾಪೋಡ್ ಹಕ್ಕಿ ಇನ್ನು ವಿಳಾಸ ಬದಲಾವಣೆಯ ಅರ್ಜಿ ತುಂಬಬೇಕು. ಪಿನ್‌ಕೋಡ್ ಮರೆಯಬಾರದು.

ಹಾಗೆ ನೆಡುವುದಾದರೂ ನಡೆಯುತ್ತದೆಯೇ? 2006ರಿಂದ 2012ರವರೆಗಿನ ಲೆಕ್ಕ ನೋಡಿದ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು, 2013ರಲ್ಲಿ ವರದಿ ಕೊಟ್ಟಿತು: ಬರಬೇಕಿದ್ದ ಬದಲಿ ಜಮೀನಿನಲ್ಲಿ ಬಂದದ್ದು ಶೇ 27, ಗಿಡ ನೆಟ್ಟದ್ದು ಶೇ 7. ಹಣಕ್ಕೆ ಮಾತ್ರ ಇಂಥ ಬರಗಾಲ ಇರಲಿಲ್ಲ. 2019ರಲ್ಲಿ ಕೇಂದ್ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿಯ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು ರಾಜ್ಯಗಳಿಗೆ ಹಂಚಿತು. ಉತ್ತರಾಖಂಡದಲ್ಲಿ ಇದೇ ನಿಧಿಯಿಂದ ಐಫೋನ್, ಲ್ಯಾಪ್‌ಟಾಪ್, ಫ್ರಿಜ್‌ಗಳು ಬಂದವು ಎಂದು ಸಿಎಜಿ ಆಕ್ಷೇಪಿಸಿತು. ಲೆಕ್ಕಿಗರಿಗೆ ರಸಿಕತೆ ಇಲ್ಲ. ಹಿಮಾಲಯ ಬಿಸಿಯಾಗುತ್ತಿದೆ, ಎಲ್ಲಾದರೂ ಒಂದು ಕಡೆ ತಂಪು ಉಳಿಯಬೇಡವೇ?

2023ರ ತಿದ್ದುಪಡಿಯ ಇನ್ನೊಂದು ಉಪಕಾರ: ಕಾಡಿನಲ್ಲಿ ಸರ್ಕಾರಿ ಮೃಗಾಲಯ, ಸಫಾರಿ ಮಾಡುವುದು ಅರಣ್ಯೇತರ ಕೆಲಸವಲ್ಲ. ಕಾಡಿನ ಹುಲಿಯನ್ನು ಕಾಡಿನಲ್ಲೇ ಬೋನಿಗೆ ಹಾಕಿ ಟಿಕೆಟ್ ಹರಿದರೆ ಅದು ಅರಣ್ಯ ಕಾಯಕ. ಅದೇ ಕಾಡಿನೊಳಗೆ ತಲೆಮಾರುಗಳಿಂದ ಇದ್ದವನು 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ಹೋದರೆ ಕೇಳುವ ಪ್ರಶ್ನೆ, ಪುರಾವೆ ಎಲ್ಲಿ? ಹುಲಿಯನ್ನು ಯಾರೂ ಪುರಾವೆ ಕೇಳುವುದಿಲ್ಲ ಎಂಬುದೊಂದೇ ಸಮಾಧಾನ. ಸದ್ಯಕ್ಕೆ.

ಮೊದಲು ಹೇಳಿದ ಆ ಎರಡನೆಯ ಕಲಮನ್ನು ಮೊನ್ನೆ ಮತ್ತೆ ತೆಗೆದು ನೋಡಿದೆ. 2017ರಲ್ಲಿ ಅಳಿಸಿದ್ದು ಬಿದಿರನ್ನು ಮಾತ್ರ. ಬೊಡ್ಡೆ ಅಲ್ಲೇ ಇದೆ. ಅಂದರೆ ಕಡಿದು ಒಯ್ದ ಮೇಲೆ ನೆಲದಲ್ಲಿ ಉಳಿಯುತ್ತದಲ್ಲ, ಕುಳಿತು ಬೀಡಿ ಸೇದುವಷ್ಟು ಎತ್ತರದ ಮೋಟು, ಕಾನೂನಿನ ಪ್ರಕಾರ ಅದು ಇನ್ನೂ ಮರವೇ.