ನನ್ನ ಹಳೇ ರಿಲೇ ಎಲ್ಲಿ ಹೋಯ್ತು, ಅದನ್ನು ಹೇಳಿ ಸಾಕು

ನನ್ನ ಬೈಕಿಗೆ ಮಂಜಿನಲ್ಲಿ ಉರಿಸುವ ಫಾಗ್ ಲೈಟು ಹಾಕಿಕೊಟ್ಟ ಅಂಗಡಿಯಿಂದ ಈಗಷ್ಟೇ ಬಂದೆ. ಕೈ ಇನ್ನೂ ನಡುಗುತ್ತಿದೆ. ನಾನು ಕೇಳಿದ್ದು ಒಂದೇ ಮಾತು. ಅಣ್ಣಾ, ನನ್ನ ಹಳೇ ರಿಲೇ ಎಲ್ಲಿ? ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್ ಮಾಡುವ ಪುಟ್ಟ ಡಬ್ಬಿ ಅದು. ಅಷ್ಟು ಕೇಳಿದ್ದಕ್ಕೆ ಅಂಗಡಿಯವನು ಅಷ್ಟು ಜನರ ಮುಂದೆ ಹಾಗೆ ಮಾತಾಡಬೇಕಿತ್ತಾ?

ಬದಲಾಯಿಸಬೇಕಾಗಿದ್ದು ಎರಡು ಫಾಗ್ ಲೈಟು ಮಾತ್ರ. ಹಳೇದರಲ್ಲಿ ಒಂದಕ್ಕೆ ನೀರು ನುಗ್ಗಿತ್ತು. ವೈರಿಂಗ್ ಗಟ್ಟಿಯಾಗಿತ್ತು, ನಾಲ್ಕು ಮಳೆಗಾಲ ನೋಡಿದ್ದು ಅದು. ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ರಿಲೇಯ 30ನೇ ಪಿನ್ನಿಗೆ, 87ನೇ ಪಿನ್ನಿನಿಂದ ಲೈಟಿಗೆ. ಹೊಸ ಲೈಟಿನ ಕನೆಕ್ಟರ್ ಬೇರೆ ಥರ ಇತ್ತು, ಒಪ್ಪುತ್ತೇನೆ. ತುದಿಯ ಕನೆಕ್ಟರ್ ಬದಲಾಯಿಸಿದ್ದರೆ ಮುಗಿದುಹೋಗುತ್ತಿತ್ತು. ಆ ಅಂಗಡಿಯವನು ಇಡೀ ವೈರಿಂಗನ್ನೇ ಕಿತ್ತುಹಾಕಿ, ಹೆಡ್‌ಲೈಟಿಗೆ ಹೋಗುವ ವೈರನ್ನು ಸುಲಿದು, ಅದಕ್ಕೇ ಹೊಸ ವೈರು ತಿರುಚಿ, ಮೇಲೆ ಕಪ್ಪು ಟೇಪು ಸುತ್ತಿ ಕೊಟ್ಟಿದ್ದಾನೆ. ಮಧ್ಯೆ ಒಂದು ಸ್ವಿಚ್. ಅಷ್ಟೇ. ರಿಲೇ ಇಲ್ಲ, ಬೇರೆ ಫ್ಯೂಸ್ ಇಲ್ಲ.

ಒಂದೊಂದು ಲೈಟು 40 ವ್ಯಾಟ್. ಎರಡೂ ಸೇರಿ 80. 12 ವೋಲ್ಟಿಗೆ ಆರೂವರೆ ಆಂಪಿಯರ್‌ಗಿಂತ ಜಾಸ್ತಿ. ಹೆಡ್‌ಲೈಟ್ ಒಂದೇ 5 ಆಂಪಿಯರ್ ಎಳೆಯುತ್ತದೆ. ಆ ವೈರಿಗೆ ಇರುವುದು 10 ಆಂಪಿಯರ್ ಫ್ಯೂಸ್, ಅದಕ್ಕಿಂತ ಜಾಸ್ತಿ ಎಳೆದರೆ ಹಾರಿಹೋಗುತ್ತದೆ. ಇದು ಕೂಡುವ ಲೆಕ್ಕ ಅಲ್ವಾ? ದಿನಾ ಇದೇ ಕೆಲಸ ಮಾಡುವವನಿಗೆ ಬರಬೇಡವಾ?

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜು ಮುಖಕ್ಕೇ ಬಂತು, ಫಾಗ್ ಲೈಟು ಹಾಕಿದೆ, ಹತ್ತು ನಿಮಿಷ ಚೆನ್ನಾಗಿ ಉರಿದು ಒಂದು ತಿರುವಿನಲ್ಲಿ ಹೆಡ್‌ಲೈಟೂ ಸೇರಿ ಎಲ್ಲಾ ಒಟ್ಟಿಗೇ ಹೋಯಿತು. ಹಿಂದೆ ತಂಗಿ ಕೂತಿದ್ದಳು. ಕೆಳಗಿನಿಂದ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಅವಳು ನನ್ನ ಜಾಕೆಟ್ ಹಿಡಿದುಕೊಂಡ ರೀತಿ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಇದನ್ನೆಲ್ಲಾ ಸಮಾಧಾನವಾಗಿಯೇ ಹೇಳಿದೆ. ಆತ ತಲೆ ಕೂಡ ಎತ್ತಲಿಲ್ಲ. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ರಿಲೇ ಅಂದ್ರೆ ಏನು ಸಾರ್? ಹೇಳಿ, ನಮ್ಮ ಹುಡುಗನೂ ಕಲೀಲಿ" ಅಂದ. ನನಗೆ ಗೊತ್ತು. 85 ಗ್ರೌಂಡಿಗೆ, 86 ಸ್ವಿಚ್ಚಿಗೆ, ಸಣ್ಣ ಕರೆಂಟು ಒಳಗಿನ ಕಾಯಿಲ್‌ಗೆ ಹೋಗಿ ದೊಡ್ಡ ಕರೆಂಟಿನ ದಾರಿ ತೆರೆಯುತ್ತದೆ. ಎಲ್ಲಾ ಗೊತ್ತು. ಆದರೆ ಬಾಯಿಂದ ಬಂದದ್ದು "ಅದು... ಕರೆಂಟು..." ಅಂತ ಮಾತ್ರ. ಗಂಟಲು ಕಟ್ಟಿಕೊಂಡಿತು. ಸ್ಟೂಲಿನ ಮೇಲೆ ಕೂತಿದ್ದವನು ನಕ್ಕ. ಆಯಿಲ್ ತಗೊಳ್ಳಲು ಬಂದವನೂ ನಕ್ಕ. "ಯೂಟ್ಯೂಬ್ ನೋಡ್ಕೊಂಡು ಬಂದ್ಬಿಡ್ತಾರೆ" ಅಂದ ಯಾರೋ. ಸ್ಪ್ಯಾನರ್ ಹಿಡಿದಿದ್ದ ಹುಡುಗ ಮಾತ್ರ ನಗಲಿಲ್ಲ, ನೆಲ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು ಅನಿಸುತ್ತದೆ.

ಕೊನೆಗೆ ಆತ, "ದುಡ್ಡು ಕೊಡುವಾಗ ಲೈಟು ಉರೀತಾ ಇತ್ತಲ್ವಾ? ನೋಡ್ಕೊಂಡೇ ತಾನೇ ಹೋಗಿದ್ದು?" ಅಂದ. ಹೌದು, ನೋಡಿದ್ದೆ. ಉರಿಯುತ್ತಿತ್ತು. ಟೇಪಿನ ಒಳಗೆ ಏನಿದೆ ಅಂತ ನನಗೆ ಹೇಗೆ ಕಾಣಬೇಕು?

ಹೋಗಲಿ ಬಿಡಿ. ಹೊಸ ರಿಲೇಗೆ ನೂರೈವತ್ತೋ ಇನ್ನೂರೋ. ಭಾನುವಾರ ನಾನೇ ಕೂತು ಮಾಡಿಕೊಳ್ಳುತ್ತೇನೆ. ಯಾರ ಹತ್ತಿರವೂ ಜಗಳ ಬೇಡ. ಇಲ್ಲ, ಯಾಕೆ ಬಿಡಬೇಕು? ಆ ರಿಲೇ ನನ್ನದು, ಆ ವೈರು ನನ್ನದು, ಚೆನ್ನಾಗಿದ್ದದ್ದನ್ನು ಕೇಳದೆ ಕಿತ್ತದ್ದು ಆತ. ಕಿತ್ತದ್ದನ್ನು ಒಂದು ಕವರಿಗೆ ಹಾಕಿ ಕೊಡಬೇಕು ಅಂತಾದರೂ ಅನಿಸಬಾರದಾ? ನಾಳೆ ಮತ್ತೆ ಹೋಗಿ ಕೇಳುತ್ತೇನೆ. ಹೋಗುತ್ತೇನಾ? ಆ ಸ್ಟೂಲಿನವನ ನಗು ನೆನಪಾದರೆ ಆ ರಸ್ತೆಗೇ ಕಾಲಿಡುವುದು ಬೇಡ ಅನಿಸುತ್ತದೆ.

ಮನೆಗೆ ಬಂದು ಟೇಪು ಪೂರ್ತಿ ಬಿಚ್ಚಿದೆ. ತಿರುಚಿದ ಜಾಗದಲ್ಲಿ ಕಾದು ಹೆಡ್‌ಲೈಟ್ ವೈರಿನ ಪ್ಲಾಸ್ಟಿಕ್ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದೆ. ಗೊತ್ತಿರುವವರು ಯಾರಾದರೂ ಹೇಳಿ. ಅಷ್ಟು ಭಾಗ ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿದರೆ ಸಾಕಾ, ಅಥವಾ ಆ ವೈರನ್ನು ಪೂರ್ತಿ ಬದಲಾಯಿಸಲೇಬೇಕಾ? ಮುಂದಿನ ವಾರ ತಂಗಿಯನ್ನು ಅದೇ ದಾರಿಯಲ್ಲಿ ವಾಪಸ್ ಕರೆದುಕೊಂಡು ಬರಬೇಕು.