ಎಲ್ಲಾ ತೂತ ಒಂದ ನಮೂನಿ

ಕಂಪ್ಯೂಟರುಗಳನ್ನು ಕೇಬಲ್ ಮೂಲಕ ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚೆಂಬ ಡಬ್ಬಿಯ ದೊಡ್ಡ ಅವಗುಣವೆಂದರೆ ಅದರ ಮುಖದ ಮೇಲಿರುವ 24 ತೂತುಗಳೂ ನೋಡಲು ಒಂದೇ ತೆರನಾಗಿರುವುದು. ಗಾತ್ರವೂ ಒಂದೇ, ಮಿನುಗುವ ಹಸಿರು ದೀಪವೂ ಒಂದೇ. ಹೀಗಾಗಿ ಕೇಬಲ್ ಹಿಡಿದು ಬಂದವರು ಯಾರೇ ಆಗಲಿ, ಕೈಗೆ ಸಿಕ್ಕ ತೂತಿಗೆ ಅದನ್ನು ಸಿಕ್ಕಿಸಿ, ‘ಟಕ್’ ಎಂಬ ಸದ್ದು ಕೇಳಿಸಿಕೊಂಡು, ಕೆಲಸ ಮುಗಿಯಿತೆಂದು ಕೈ ಝಾಡಿಸಿಕೊಂಡು ಹೋಗುತ್ತಾರೆ. ಬಾಗಲಕೋಟೆಯ ನವನಗರದ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತ, ಸಂಬಳವಿಲ್ಲದ ಹೆಚ್ಚುವರಿ ಹೊಣೆಯಾಗಿ ನೆಟ್‌ವರ್ಕನ್ನೂ ನೋಡಿಕೊಳ್ಳುವ ನನಗೆ ಈಚೆಗೆ ಆ ಸದ್ದು ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಮೊದಲು ನಮ್ಮಲ್ಲಿ ಇಂಥ ಭಯವೇನೂ ಇರಲಿಲ್ಲ, ಏಕೆಂದರೆ ಆಗ ಎಲ್ಲ ತೂತುಗಳೂ ನಿಜವಾಗಿಯೇ ಒಂದೇ ಆಗಿದ್ದವು. ಲ್ಯಾಬು, ಲೈಬ್ರರಿ, ಅಕೌಂಟ್ ಸೆಕ್ಷನ್ ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿದ್ದವು. ಒಂದು ಕಂಪ್ಯೂಟರ್ ಬ್ರಾಡ್‌ಕಾಸ್ಟ್ ಮಾಡಿದರೆ ಉಳಿದೆಲ್ಲವೂ ಅದನ್ನು ಕೇಳಿಸಿಕೊಳ್ಳಬೇಕಿತ್ತು, ಅಕೌಂಟ್ ಸೆಕ್ಷನ್ನಿನ ಪ್ರಿಂಟರ್ ‘ನಾನಿಲ್ಲಿದ್ದೇನೆ’ ಎಂದು ಸಾರಿದ್ದು ಲ್ಯಾಬಿನ ಅಷ್ಟೂ ಕಂಪ್ಯೂಟರುಗಳಿಗೆ ತಲುಪುತ್ತಿತ್ತು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ವಿದ್ಯಾರ್ಥಿಯೊಬ್ಬ ಪಟ್ಟಿಯಲ್ಲಿ ಮೊದಲು ಕಂಡ ಪ್ರಿಂಟರನ್ನೇ ಆರಿಸಿದ. ಅವನ ನೋಡಿ ಪಕ್ಕದವನು, ಪಕ್ಕದವನನ್ನು ನೋಡಿ ಇಡೀ ಸಾಲು ಅದನ್ನೇ ಆರಿಸಿತು. ಫೀ ಕಟ್ಟಲು ಬಂದ ಪಾಲಕರ ಸರದಿ ಕಿಟಕಿಯ ಮುಂದೆ ಬೆಳೆಯುತ್ತಿದ್ದಾಗ ಅಕೌಂಟೆಂಟರು ಫೋನ್ ಮಾಡಿ, “ಸರ, ರಸೀದಿ ಬದ್ಲಿ ಹುಡುಗರ ಪ್ರೋಗ್ರಾಮ್ ಹೊಂಟಾವ್ರಿ, ಯಾವುದಕ್ಕ ಸಿಕ್ಕಾ ಹೊಡೀಲಿ?” ಎಂದು ಕೇಳಿದರು.

ಆ ಪ್ರಶ್ನೆಯ ಫಲವಾಗಿಯೇ ಹೊಸ ಸ್ವಿಚ್ಚುಗಳು ಮಂಜೂರಾದವು, ವಿಲ್ಯಾನುಗಳು, ಅಂದರೆ ಒಂದೇ ನೆಟ್‌ವರ್ಕನ್ನು ನಂಬರು ಕೊಟ್ಟು ಬೇರ್ಪಡಿಸಿದ ಪಾಲುಗಳು, ಹುಟ್ಟಿದವು. ಆಫೀಸಿಗೆ 10, ಲ್ಯಾಬಿಗೆ 20, ಲೈಬ್ರರಿಗೆ 30. ಹಿಂದಿನ ಕಟ್ಟಡದ ಸ್ವಿಚ್ಚಿನಲ್ಲಿ 1ರಿಂದ 8 ಆಫೀಸಿನ ತೂತುಗಳು, 9ರಿಂದ 12 ಲೈಬ್ರರಿಯವು, 17ರಿಂದ 23 ಲ್ಯಾಬಿನವು. ನಡುವಿನ ನಾಲ್ಕು ಖಾಲಿ, ಕೊನೆಯ 24 ಮುಖ್ಯ ಕಟ್ಟಡಕ್ಕೆ ಹೋಗುವ ಟ್ರಂಕ್, ಅಂದರೆ ಎಲ್ಲ ವಿಲ್ಯಾನುಗಳೂ ಒಂದೇ ಕೇಬಲ್‌ನಲ್ಲಿ ಸಾಗುವ ದಾರಿ. ಡಬ್ಬಿ ಒಂದೇ ಆದರೂ ಒಳಗೆ ಮೂರು ಬೇರೆ ಬೇರೆ ಸ್ವಿಚ್ಚುಗಳಿದ್ದಂತೆ. ಒಂದರ ಬ್ರಾಡ್‌ಕಾಸ್ಟ್ ಇನ್ನೊಂದಕ್ಕೆ ಕೇಳಿಸದು, ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ರೌಟರಿನ ಅಪ್ಪಣೆ ಬೇಕು. ಪ್ರಿಂಟರ್ ಇರುವುದು ಗೋಡೆಯಾಚೆಗೇ ಆದರೂ ತಮ್ಮ ಕಂಪ್ಯೂಟರಿಗೆ ಕಾಣುವುದಿಲ್ಲವೇಕೆ ಎಂದು ಲೈಬ್ರರಿಯನ್ ಮೇಡಂ ಇಂದಿಗೂ ನನ್ನನ್ನು ಕೇಳುತ್ತಾರೆ. ಗೋಡೆಗೂ ಇದಕ್ಕೂ ಸಂಬಂಧವಿಲ್ಲ ಎಂಬ ನನ್ನ ಉತ್ತರವನ್ನು ಅವರು ಉಡಾಫೆ ಎಂದು ಭಾವಿಸಿದ್ದಾರೆ.

ಆಮೇಲೆ ಪರಿಶೀಲನಾ ಸಮಿತಿ ಬರುವ ಸುದ್ದಿ ಬಂತು. ಗೋಡೆಗೆ ಸುಣ್ಣ, ಗಿಡಗಳ ಬುಡಕ್ಕೆ ಕೆಮ್ಮಣ್ಣು, ಇವುಗಳ ಜೊತೆಗೆ ಸ್ವಿಚ್ಚು ಇಟ್ಟ ರ‍್ಯಾಕ್‌ನೊಳಗಿನ ಕೇಬಲ್‌ಗಳನ್ನು ಒಪ್ಪಗೊಳಿಸುವ ಕೆಲಸವನ್ನೂ ಎಲೆಕ್ಟ್ರಿಷಿಯನ್ನನಿಗೆ ಒಪ್ಪಿಸಲಾಯಿತು. ಅವನ ಕೈಕೆಲಸಕ್ಕೆ ಹೆಸರಿಡುವಂತಿಲ್ಲ. ನೀಲಿ ಕೇಬಲ್‌ಗಳನ್ನೆಲ್ಲ ಒಂದು ಕಡೆಗೆ, ಬೂದು ಬಣ್ಣದವನ್ನು ಇನ್ನೊಂದು ಕಡೆಗೆ ಸೇರಿಸಿ, ಗೇಣಿಗೊಂದರಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಪಟ್ಟಿಯ ಉಳಿದ ತುದಿಗಳನ್ನು ಕತ್ತರಿಯಿಂದ ಸಮನಾಗಿ ಕತ್ತರಿಸಿದ್ದ. ಅಕೌಂಟೆಂಟರ ಕೇಬಲ್ ಬೂದು ಬಣ್ಣದ್ದಾದ್ದರಿಂದ ಅದು 6ನೇ ತೂತಿನಿಂದ 17ಕ್ಕೆ ಬಂದಿತ್ತು. ಮರುದಿನ ಅವರ ಕಂಪ್ಯೂಟರ್ ತಾನು ಲ್ಯಾಬಿನಲ್ಲಿದ್ದೇನೆಂದು ನಂಬಿ, ಲ್ಯಾಬಿನ ಸಾಲಿನ ಐಪಿ ವಿಳಾಸವನ್ನೇ ಪಡೆದು, ವಿದ್ಯಾರ್ಥಿಗಳಿಗೆ ತೋರಿಸಲೆಂದು ನಾವು ಬರೆದಿಟ್ಟ ‘ಈ ಪುಟ ನೋಡಲು ನಿಮಗೆ ಅನುಮತಿ ಇಲ್ಲ’ ಎಂಬ ಎಚ್ಚರಿಕೆಯನ್ನು, ನಿವೃತ್ತಿಯ ಅಂಚಿನಲ್ಲಿರುವ ಆ ಹಿರಿಯರಿಗೆ ತೋರಿಸತೊಡಗಿತು. ಕಂಪ್ಯೂಟರಿನ ತಪ್ಪೇನೂ ಇಲ್ಲ. ಆಕ್ಸೆಸ್ ಪೋರ್ಟಿಗೆ, ಅಂದರೆ ಒಂದೇ ವಿಲ್ಯಾನಿಗೆ ಸೇರಿದ ತೂತಿಗೆ, ಜೋಡಿಸಿದ ಯಂತ್ರಕ್ಕೆ ತಾನು ಯಾವ ವಿಲ್ಯಾನಿನಲ್ಲಿದ್ದೇನೆಂಬ ಅರಿವೇ ಇರುವುದಿಲ್ಲ, ಅದನ್ನು ತೀರ್ಮಾನಿಸುವುದು ತೂತು. ಎಲೆಕ್ಟ್ರಿಷಿಯನ್ನನನ್ನು ಕರೆಸಿ ಕೇಳಿದರೆ, “ಎಲ್ಲಾ ತೂತ ಒಂದ ನಮೂನಿ ಅದಾವಲ್ರಿ ಸರ, ಲೈಟ್ ಬ್ಯಾರೆ ಹತ್ತೇತಿ ನೋಡ್ರಿ” ಎಂದ. ಲೈಟ್ ಹತ್ತಿದ್ದು ನಿಜವೇ ಆಗಿತ್ತು.

ಅಕೌಂಟೆಂಟರಿಗೆ ಆದ ಅವಮಾನಕ್ಕೆ ಸಮಾಧಾನ ಹೇಳಲು ಹೋಗಿ ನಾನು ಟ್ರಂಕಿನ ವಿಷಯ ತೆಗೆದೆ. ಆಲಮಟ್ಟಿ ಹಿನ್ನೀರಿನ ದೆಸೆಯಿಂದ ಹಳೆಯ ಊರು ಬಿಟ್ಟು ನವನಗರಕ್ಕೆ ಬಂದವರಿಗೆ ವಿಳಾಸವೆಂದರೆ ಸೆಕ್ಟರ್ ನಂಬರು; ಟ್ರಂಕ್ ಕೇಬಲ್ ಮೇಲೆ ಹೊರಡುವ ಫ್ರೇಮಿಗೂ, ಅಂದರೆ ಮಾಹಿತಿಯ ಕಟ್ಟಿಗೂ, ಹಾಗೆಯೇ ಒಂದು ಸೆಕ್ಟರ್ ನಂಬರಿನ ಚೀಟಿ ಅಂಟಿಸುತ್ತಾರೆ, ಆದ್ದರಿಂದಲೇ ಒಂದೇ ರಸ್ತೆಯಲ್ಲಿ ಹೋದರೂ 10ರದ್ದು 10ಕ್ಕೆ, 20ರದ್ದು 20ಕ್ಕೆ ಮುಟ್ಟುತ್ತದೆ ಎಂದೆ. ಈ ಚೀಟಿ ಕೇವಲ 4 ಬೈಟ್‌ನದು, 802.1ಕ್ಯೂ ಎಂಬ ಹೆಸರಿನಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ ಇದನ್ನು 1998ರಲ್ಲಿ ಪ್ರಕಟಿಸಿತು. ಅದರೊಳಗೆ ನಂಬರಿಗೆಂದು 12 ಬಿಟ್ ಇರುವುದರಿಂದ 4096 ಸಂಖ್ಯೆಗಳು ಹಿಡಿಸುತ್ತವೆ, 0 ಮತ್ತು 4095 ಮೀಸಲಾದ್ದರಿಂದ ಬಳಕೆಗೆ 4094 ದಕ್ಕುತ್ತವೆ ಎಂದೂ ಹೇಳಿದೆ. ಲೆಕ್ಕದ ಮಾತು ಬಂದೊಡನೆ ಅವರು ಚುರುಕಾದರು. “ಮತ್ತ ಚೀಟಿ ಇಲ್ಲದ್ದು ಬಂದ್ರ?” ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಚೀಟಿಯಿಲ್ಲದೆ ಟ್ರಂಕಿಗೆ ಬಂದ ಫ್ರೇಮು ನೇಟಿವ್ ವಿಲ್ಯಾನಿಗೆ ಸೇರುತ್ತದೆ. ಯಾರೂ ಬದಲಿಸದಿದ್ದರೆ ಬಹುತೇಕ ಸ್ವಿಚ್ಚುಗಳಲ್ಲಿ ಅದು 1. ಟ್ರಂಕಿನ ಎರಡು ತುದಿಗಳಲ್ಲಿ ಎರಡು ಬೇರೆ ನೇಟಿವ್ ನಂಬರುಗಳಿದ್ದರೆ ಒಂದರ ಫ್ರೇಮು ಸದ್ದಿಲ್ಲದೆ ಇನ್ನೊಂದಕ್ಕೆ ನುಸುಳುತ್ತದೆ. ನಮ್ಮ ತರಗತಿಯಲ್ಲಿ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ.

ದೊಡ್ಡ ಫಜೀತಿ ಆದದ್ದು ಕ್ಯಾಮೆರಾ ಬಂದಾಗ. ಹಿಂದಿನ ಕಟ್ಟಡದ ಖಾಲಿ ತೂತುಗಳಲ್ಲಿ ಮೂರನ್ನು ಕ್ಯಾಮೆರಾಗಳಿಗೆ ಕೊಟ್ಟು, ಅವಕ್ಕೆ ವಿಲ್ಯಾನ್ 40 ಎಂದು ನಿಗದಿಯಾಯಿತು. ಚಿತ್ರ ಮೂಡಬೇಕಾದದ್ದು ಮುಖ್ಯ ಕಟ್ಟಡದಲ್ಲಿ, ಪ್ರಿನ್ಸಿಪಾಲರ ಕೋಣೆಯ ಗೋಡೆಯ ಮೇಲೆ. ಬೆಳಗಾವಿಯಿಂದ ಬಂದ ತಂತ್ರಜ್ಞ ಮುಖ್ಯ ಸ್ವಿಚ್ಚಿನ ಮುಂದೆ ಕುಳಿತು, ಟ್ರಂಕಿನ ಮೇಲೆ 40ಕ್ಕೂ ಅನುಮತಿ ಕೊಟ್ಟು, ಗೋಡೆಯ ಮೇಲೆ ಚಿತ್ರ ಮೂಡಿದ್ದನ್ನು ತೋರಿಸಿ, ಪ್ರಿನ್ಸಿಪಾಲರಿಂದ ಶಹಬ್ಬಾಸ್ ಎನ್ನಿಸಿಕೊಂಡು ಹೊರಟ. ನಾನು ಆಗ ತರಗತಿಯಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರ ಫೋನ್ ಬಂತು. “ಏನ್ರೀ, ಹನ್ನೊಂದ ಹೊಡದೈತಿ, ಅಕೌಂಟ್ ಸೆಕ್ಷನ್ ಮಂದಿ ಎಲ್ಲಾ ವರಾಂಡದಾಗ ಚಾ ಕುಡಕೋತ ನಿಂತಾರಲ್ಲ? ಕ್ಯಾಮೆರಾದಾಗ ಮಸ್ತ್ ಕಾಣಾಕತ್ತೇತಿ.”

ಮಸ್ತ್ ಕಾಣುತ್ತಿದ್ದುದು ಅದೊಂದೇ ಆಗಿತ್ತು. ಸಿಸ್ಕೋ ಕಂಪನಿಯ ಸ್ವಿಚ್ಚುಗಳಲ್ಲಿ ‘ಟ್ರಂಕ್ ಅಲೌಡ್ ವಿಲ್ಯಾನ್ 40’ ಎಂದು ಬರೆದರೆ, ಇರುವ ಪಟ್ಟಿಗೆ 40 ಸೇರುವುದಿಲ್ಲ, ಇಡೀ ಪಟ್ಟಿಯೇ 40 ಆಗಿಬಿಡುತ್ತದೆ. ಸೇರಿಸಬೇಕಾದರೆ ನಡುವೆ ‘ಆ್ಯಡ್’ ಎಂಬ ಪುಟ್ಟ ಪದ ಬೇಕು. ಆ ಪದವಿಲ್ಲದ್ದರಿಂದ 10, 20, 30 ಮೂರೂ ಟ್ರಂಕಿನ ಹೊಸ್ತಿಲಲ್ಲೇ ನಿಂತವು. ಅಕೌಂಟ್ ಸೆಕ್ಷನ್ನಿಗೆ ಸರ್ವರ್ ಇಲ್ಲ, ಲೈಬ್ರರಿಗೆ ಪುಸ್ತಕಗಳ ಪಟ್ಟಿ ಇಲ್ಲ, ಲ್ಯಾಬಿನ ಹುಡುಗರಿಗೆ ಪರಮಾನಂದ. ತಂತ್ರಜ್ಞನಿಗೆ ಫೋನ್ ಮಾಡಿದರೆ ಅವನು ಆಗಲೇ ಗದ್ದನಕೇರಿ ಕ್ರಾಸ್ ದಾಟಿದ್ದ. “ನಾ ಯಾವದೂ ತಗದಿಲ್ಲರಿ ಸರ, 40 ಒಂದ ಹಾಕೇನ್ರಿ” ಎಂದ. ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಲ್ಯಾಪ್‌ಟಾಪೂ ಕನ್ಸೋಲ್ ಕೇಬಲ್ಲೂ ಹಿಡಿದು ನಾನು ಸರ್ವರ್ ಕೋಣೆಯ ಬಾಗಿಲು ತೆಗೆಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಯುಪಿಎಸ್‌ನ ಬ್ಯಾಟರಿ ಹೆಸರಿಗಷ್ಟೇ ಇದ್ದುದರಿಂದ ಸ್ವಿಚ್ಚೂ ಕಣ್ಣು ಮುಚ್ಚಿತು. ಕರೆಂಟ್ ಮರಳಿ, ಸ್ವಿಚ್ಚು ಎದ್ದು ಕುಳಿತಾಗ ಹಿಂದಿನ ಕಟ್ಟಡದಿಂದ ಹರ್ಷೋದ್ಗಾರ ಕೇಳಿಸಿತು. ತಂತ್ರಜ್ಞ ತಾನು ಬರೆದದ್ದನ್ನು ಉಳಿಸದೆ ಹೋಗಿದ್ದ. ಸ್ವಿಚ್ಚು ಉಳಿಸಿಟ್ಟ ಹಳೆಯ ಪಟ್ಟಿಯನ್ನೇ ಓದಿಕೊಂಡು ಎದ್ದಿತ್ತು. ನಾನಿನ್ನೂ ಕೇಬಲ್ ಬಿಚ್ಚಿರಲಿಲ್ಲ, ಅಷ್ಟರಲ್ಲಿ ಅಕೌಂಟೆಂಟರು ಬಂದು, “ಸರ ಬಂದ್ರು, ಆತು ನೋಡ್ರಿ” ಎಂದು ನಾಲ್ಕು ಜನರೆದುರು ಹೊಗಳಿದರು. ಹೊಗಳಿಕೆ ಮುಗಿಯುವ ಮೊದಲೇ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತಿದ್ದರು. “ನೀವು ಬಂದ ಮ್ಯಾಲೆ ಕ್ಯಾಮೆರಾ ಹೋತಲ್ರಿ!”

ಎರಡೂ ಆರೋಪಗಳಿಗೆ ಸಮನಾದ ಆಧಾರವಿತ್ತು. ವಾದಿಸಲು ಹೋಗದೆ ನಾನು ಟ್ರಂಕಿಗೆ ‘ಆ್ಯಡ್’ ಸೇರಿಸಿ 40 ಬರೆದು, ಕ್ಯಾಮೆರಾ ರೆಕಾರ್ಡರಿನ ತೂತನ್ನೂ 40ಕ್ಕೆ ಹಾಕಿ, ಉಳಿಸಿ, ಯಾವ ತೂತು ಯಾರದ್ದೆಂಬ ಪಟ್ಟಿಯನ್ನು ರ‍್ಯಾಕಿನ ಬಾಗಿಲಿಗೆ ಅಂಟಿಸಿದೆ. ಇಂಥ ಪಟ್ಟಿಯಿಲ್ಲದ ರ‍್ಯಾಕಿಗೆ ಬೀಗ ಹಾಕಿಯೂ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ನೆಟ್ ಹೋದರೆ ಅಕೌಂಟ್ ಸೆಕ್ಷನ್ನಿನವರು ವರಾಂಡಕ್ಕೆ ಬರುವುದಿಲ್ಲ, ಸೈಕಲ್ ಸ್ಟ್ಯಾಂಡಿನ ಕಡೆಗೆ ಹೋಗಿ ಚಹಾ ಕುಡಿಯುತ್ತಾರೆ. ಅಲ್ಲಿಗೂ ಒಂದು ಕ್ಯಾಮೆರಾ ಬೇಕೆಂದು ಪ್ರಿನ್ಸಿಪಾಲರ ಟಿಪ್ಪಣಿ ಬಂದಿದೆ. ಅಕೌಂಟೆಂಟರು ಪಟ್ಟಿಯನ್ನು ಆಗಲೇ ಓದಿಕೊಂಡು ಬಂದು, 16ನೇ ತೂತು ಕೆಟ್ಟಿದೆಯೆಂದು ಬರೆದುಕೊಡಲು ಸಾಧ್ಯವೇ ಎಂದು ವಿಚಾರಿಸುತ್ತಿದ್ದಾರೆ.