ರಾಜಧಾನಿ ಅನ್ನೋ ಹಳ್ಳಿ

ಸಿಡ್ನಿಲಿ ಕೆಲಸ ಮಾಡ್ಕೊಂಡು ಪಿಆರ್‌ಗೆ (ಅಲ್ಲೇ ಕಾಯಂ ಇರೋ ಪರವಾನಗಿಗೆ) ಒದ್ದಾಡ್ತಿರೋ ನಮ್ ಸೋದರಮಾವನ ಮಗ ಮೊನ್ನೆ ಫೋನಲ್ಲಿ "ಹಳ್ಳಿಗೆ ಹೋಗಿಬಿಡ್ತೀನಿ ಕಣೋ" ಅಂದ. ಯಾವ ಹಳ್ಳಿನಪ್ಪಾ ಅಂದ್ರೆ ಕ್ಯಾನ್‌ಬೆರಾ ಅಂತೆ. ದೇಶದ ರಾಜಧಾನಿ ಸ್ವಾಮಿ ಅದು! ವೀಸಾ ಲೆಕ್ಕದಲ್ಲಿ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ರೆ ಮಿಕ್ಕಿದ್ದೆಲ್ಲಾ ರೀಜನಲ್ಲು, ಅಂದ್ರೆ ನಮ್ ಭಾಷೇಲಿ ಹಳ್ಳಿ. ಪರ್ತ್ 2019ರ ನವೆಂಬರ್‌ವರೆಗೂ ಪಟ್ಟಣನೇ ಆಗಿತ್ತು, 20 ಲಕ್ಷ ಜನ ರಾತ್ರಿ ಮಲಗಿ ಬೆಳಗ್ಗೆ ಎದ್ದು ನೋಡಿದ್ರೆ ಹಳ್ಳಿಯವರಾಗಿದ್ರು, ತಲೆಗೊಂದು ಹಸುನೂ ಕೊಡ್ಲಿಲ್ಲ ಪಾಪ.

ಈ ಹಳ್ಳಿ ವೀಸಾ ನಂಬರ್ 491. ವಯಸ್ಸು, ಇಂಗ್ಲಿಷು ಅಂತ ಒಂದೊಂದಕ್ಕೂ ಪಾಯಿಂಟ್ ಕೂಡಿಸಿ ಕೊಡೋ ವೀಸಾ ಇದು. ಯಾವ್ದಾದ್ರೂ ರಾಜ್ಯ ನಾಮಿನೇಟ್ ಮಾಡಿದ್ರೆ 15 ಪಾಯಿಂಟು, ನೇರ ಪಿಆರ್ ಕೊಡೋ 190 ಆದ್ರೆ ಬರೀ 5. ಒಟ್ಟು 65 ಬಂದ್ರೆ ಪಾಸು, ಆದ್ರೆ ನಮ್ ಸಿಇಟಿ ಥರಾನೇ, ಪಾಸಾದೋರಿಗೆಲ್ಲ ಸೀಟು ಅಂತ ಯಾರ್ ಹೇಳಿದ್ರು? ವೀಸಾ ಲೆಕ್ಕದಲ್ಲಿ ಜುಲೈಗೆ ಹೊಸ ವರ್ಷ ಶುರು, ಕೇಂದ್ರದೋರು ಕೋಟಾ ಹಂಚೋವರ್ಗೂ ರಾಜ್ಯಗಳು ಬಾಗಿಲು ಹಾಕ್ಕೊಂಡು ಕೂತಿರ್ತವೆ, ತೆಗೆದ ಮೇಲೆ ಒಂದೊಂದರದ್ದು ಒಂದೊಂದು ಮಡಿ, ಹೋದ್ವರ್ಷ ಬೇಕಾಗಿದ್ದ ಕಸುಬು ಈ ವರ್ಷ ಮೈಲಿಗೆ. ಕ್ಯಾನ್‌ಬೆರಾದ್ದು ಮ್ಯಾಟ್ರಿಕ್ಸ್ ಅಂತ ಬೇರೇನೇ ಪಾಯಿಂಟ್ ಪಟ್ಟಿ, ಟಾಸ್ಮೇನಿಯಾದಲ್ಲಿ ಯಾರು ಮೊದಲು ಅನ್ನೋಕೆ ಬಣ್ಣಬಣ್ಣದ ಗೋಲ್ಡ್ ಪಾಸು, ಗ್ರೀನ್ ಪಾಸು, ಆರೆಂಜು... ತಿರುಪತಿ ದರ್ಶನದ ಕ್ಯೂನೇ ವಾಸಿ, ಕೊನೆಗೆ ಲಡ್ಡು ಆದ್ರೂ ಗ್ಯಾರಂಟಿ.

ಕಾಯ್ತಾ ಕಾಯ್ತಾ ಇವನಿಗೆ 33 ತುಂಬ್ತು, ವಯಸ್ಸಿನ ಪಾಯಿಂಟು 30 ಇದ್ದಿದ್ದು 25ಕ್ಕಿಳೀತು. ಅಂದ್ರೆ 190ರಲ್ಲಿ ಸರ್ಕಾರ ಕೊಡೋ 5ನ್ನ ಬರ್ತ್‌ಡೇ ಕೇಕೇ ತಿಂದ್ಹಾಕ್ತು. ಇಲ್ಲಿ ಅತ್ತೆ ಹುಡುಗಿ ಹುಡುಕ್ತಿದ್ರೆ ಅಲ್ಲಿ ಮದುವೆ ಆಗ್ದಿರೋರಿಗೆ 10 ಪಾಯಿಂಟು, ಹೆಂಡ್ತಿಗೆ ಇಂಗ್ಲಿಷ್ ಇದ್ದು ಅವಳ ಕಸುಬಿಗೆ ಸ್ಕಿಲ್ ಅಸೆಸ್‌ಮೆಂಟ್ (ಕಸುಬು ಬರುತ್ತೆ ಅನ್ನೋ ಸರ್ಟಿಫಿಕೇಟು) ಆಗಿದ್ರೂ 10, ಬರೀ ಇಂಗ್ಲಿಷ್ ಇದ್ರೆ 5, ಇಂಗ್ಲಿಷೇ ಇಲ್ದಿದ್ರೆ ಸೊನ್ನೆ. ಅದಕ್ಕೇ ಸಾಹೇಬ್ರು ಗೋತ್ರ ನಕ್ಷತ್ರಕ್ಕಿಂತ ಮುಂಚೆ "ಹುಡುಗಿ ಪಿಟಿಇ ಇಂಗ್ಲಿಷ್ ಪರೀಕ್ಷೆ ಬರ್ದಿದಾಳಾ" ಅಂತಾರೆ. ಜೋಯಿಸ್ರು 36ಕ್ಕೆ 27 ಗುಣ ಕೂಡುತ್ತೆ ಅಂದ್ರೂ ಇವನ ಎಕ್ಸೆಲ್ ಶೀಟಲ್ಲಿ ಕೂಡಲ್ಲ.

ಕೊನೆಗೆ ಕೈ ಹಿಡಿದಿದ್ದು ಕನ್ನಡಮ್ಮನೇ. ನಾಟಿ ಅಂತ ಒಂದು ಪರೀಕ್ಷೆ ಇದೆ (ಕೋಳಿಗೂ ಅದಕ್ಕೂ ಸಂಬಂಧ ಇಲ್ಲ), ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಕನ್ನಡಕ್ಕೆ ಬಾಯಲ್ಲೇ ಹೇಳಿ ಪಾಸಾದ್ರೆ 5 ಪಾಯಿಂಟು. ಸ್ಕೂಲಲ್ಲಿ ಕನ್ನಡ ಮಾತಾಡಿ ಫೈನ್ ಕಟ್ಟಿದ ಹುಡುಗ ಈಗ ದಿನಾ ರಾತ್ರಿ ಅಮ್ಮಂಗೆ ವಿಡಿಯೋ ಕಾಲು.

"ಅಮ್ಮಾ, ಮಾರ್ಟ್‌ಗೇಜ್‌ಗೆ ಕನ್ನಡದಲ್ಲಿ ಏನಂತಾರೆ?"

"ಅಡಮಾನ ಕಣೋ. ನಿನ್ ಫೀಸಿಗೆ ನಿಮ್ಮಪ್ಪ ಸೈಟು ಇಟ್ರಲ್ಲ, ಅದು."